ತಿರುಮಲೈಸಾಮಿಯ ಹಿಮ್ಮುಖ ನಡಿಗೆ

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಗಾದೆ ಕಟ್ಟಿದ ಪುಣ್ಯಾತ್ಮ ಸಿರುಮುಗೈಯ ತಿರುಮಲೈಸಾಮಿಯನ್ನು ನೋಡಿರಲಿಲ್ಲ. ನೋಡಿದ್ದರೆ ಗಾದೆಯನ್ನು ಮಡಿಚಿ ಜೇಬಿಗಿಟ್ಟುಕೊಂಡು ತೆಪ್ಪಗೆ ಮನೆಗೆ ಹೋಗುತ್ತಿದ್ದ. ಅನ್ನದ ಪಕ್ಕ ಉಪ್ಪಿನಕಾಯಿ, ಉಪ್ಪಿನಕಾಯಿಯ ಪಕ್ಕ ಅಪ್ಪಳ, ಅಪ್ಪಳ ಮುಗಿದರೆ ಇನ್ನೊಂದು ಅಪ್ಪಳ ಎಂದು ಅರವತ್ತು ದಾಟುವವರೆಗೆ ಬಾಳಿದ ಮನುಷ್ಯ, ಆಷಾಢದ ಆಡಿ ತಿಂಗಳಿನಿಂದ ಉಪ್ಪು ಕಮ್ಮಿಯ ಹುರುಳಿ ರಸವನ್ನು ತುಟಿಪಿಟಕ್ಕೆನ್ನದೆ ಕುಡಿಯುತ್ತಿದ್ದ. ಕುಡಿದು, "ಚೆನ್ನಾಗೈತೆ" ಎಂದೂ ಅನ್ನುತ್ತಿದ್ದ. ಅವನ ಹೆಂಡತಿ ಪಾಪಾತಿಗೆ ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಗಂಡ ಹೇಳಿದ ಮಾತು ಕೇಳುತ್ತಿದ್ದಾನೆ ಎಂಬ ಸಂತೋಷದಲ್ಲಿ ಯಾವ ಹೆಂಡತಿಯ ಬುದ್ಧಿ ನೆಟ್ಟಗೆ ಓಡುತ್ತದೆ?

ಇದೆಲ್ಲ ಶುರುವಾದದ್ದು ಮಗ್ಗದಲ್ಲಿ. ತಿರುಮಲೈಸಾಮಿ ದೇವಾಂಗರ ಬೀದಿಯಲ್ಲಿ ರೇಷ್ಮೆ ಸೀರೆ ನೇಯುವವನು. ಒಂದು ಬೆಳಿಗ್ಗೆ ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದವನು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದ.

"ಪಾಪಾತಿ, ಎದೆಯೊಳಗೆ ಯಾರೋ ಓಡ್ತಾ ಅವ್ರೆ. ಓಡ್ತಾರೆ, ನಿಲ್ತಾರೆ, ತಿರುಗಾ ಓಡ್ತಾರೆ" ಅಂದ. ಮುಖದ ತುಂಬ ಬೆವರು.

ಮೇಟ್ಟುಪಾಳಯದ ಆಸ್ಪತ್ರೆಯಲ್ಲಿ ಡಾಕ್ಟರು ಎದೆಗೆ ವಯರು ಅಂಟಿಸಿ ನೋಡಿದರು. ಹೃದಯದ ಬಡಿತ ತಾಳ ತಪ್ಪಿದೆ. ಹೀಗೆ ತಪ್ಪಿದರೆ ಒಳಗೆ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಮೆದುಳಿಗೆ ಹೋದರೆ ಕೈಕಾಲು ಬಿದ್ದುಹೋಗಬಹುದು ಎಂದರು. ಅದಕ್ಕೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ, ದಿನ ತಪ್ಪದೆ ನುಂಗಬೇಕು. ಜೊತೆಗೆ ತೂಕ ಇಳಿಯಬೇಕು, ಉಪ್ಪು ಇಳಿಯಬೇಕು, ಕಾಲು ಮಾತ್ರ ಏಳಬೇಕು. ಇಂಥವರಿಗೆಂದೇ ಅಲ್ಲಿ ಮಂಗಳವಾರ ಮತ್ತು ಶುಕ್ರವಾರ ವ್ಯಾಯಾಮದ ಕ್ಲಾಸು ನಡೆಯುತ್ತಿತ್ತು. ಶುರುವಿನಲ್ಲಿ ಮನೆಯವರನ್ನೂ ಕೂರಿಸಿ ಊಟದ ಪಾಠ ಹೇಳಿದರು.

ಕ್ಲಾಸು ನಡೆಸುವವಳು ಕೃತ್ತಿಕಾ. ತಂಜಾವೂರು ಕಡೆಯ ಹುಡುಗಿ, ಮೇಟ್ಟುಪಾಳಯಕ್ಕೆ ಹೊಸಬಳು. ಪಾಪಾತಿಗೆ ಅವಳು ಮೊದಲ ದಿನವೇ ಹಿಡಿಸಿಬಿಟ್ಟಳು. ಬೈಯುವಾಗಲೂ ನಗುವ ಹುಡುಗಿ ಯಾರಿಗೆ ಹಿಡಿಸುವುದಿಲ್ಲ! ಸೊಪ್ಪು ತಿನ್ನಿ, ಆದರೆ ಒಂದು ದಿನ ಗುಡ್ಡೆ ಒಂದು ದಿನ ಬರಿಗೈ ಅಂತ ಬೇಡ, ಎಲ್ಲ ವಾರವೂ ಒಂದೇ ಅಳತೆ ಇರಲಿ, ಇಲ್ಲದಿದ್ದರೆ ಈ ಮಾತ್ರೆಯ ಲೆಕ್ಕ ಕೆಡುತ್ತದೆ ಎಂದಳು. ನಡಿಗೆಗೂ ಒಂದು ಸುಲಭದ ಅಳತೆ ಹೇಳಿದಳು.

"ನಡೆಯುವಾಗ ಪಕ್ಕದವರ ಹತ್ತಿರ ಮಾತಾಡೋಕೆ ಆಗಬೇಕು, ಅಯ್ಯಾ. ಮಾತು ನಿಂತುಹೋದರೆ ವೇಗ ಜಾಸ್ತಿ ಆಯ್ತು ಅಂತ ಅರ್ಥ, ನಿಧಾನ ಮಾಡಿ. ಹಾಡು ಹೇಳೋಷ್ಟು ಉಸಿರಿದ್ದರೆ ನನಗೆ ಮೋಸ ಮಾಡ್ತಿದೀರ ಅಂತ ಅರ್ಥ, ಬೇಗ ನಡೀರಿ!"

ಉಳಿದ ದಿನ ಗಂಡ ಹೆಂಡತಿ ಭವಾನಿ ಹೊಳೆಯ ದಾರಿಯಲ್ಲಿ ನಡೆಯುತ್ತಿದ್ದರು, ಅದೂ ಚೆನ್ನಾಗಿ ಬಿಸಿಲು ಬಂದ ಮೇಲೆ. ನಸುಕಿನಲ್ಲಿ ಹೊರಟರೆ ಬಾಳೆ ತೋಟದಿಂದ ಆನೆ ಎದುರಾಗುವ ಊರು ಅದು. ಆನೆ ಎದುರಾದ ಮೇಲೆ ಮಾತಾಡಿಕೊಂಡು ನಡೆಯುವುದು ಹೇಗೆ? ತಿರುಮಲೈಸಾಮಿ ನಡೆದ, ಇಳಿದ, ಅಂಗಿಗಳು ಸಡಿಲವಾದವು. ಪಾಪಾತಿ ಬೀದಿಯ ನಲ್ಲಿಯ ಹತ್ತಿರ ನಿಂತು, "ನಮ್ಮವರು ಬಜ್ಜಿ ಅಂಗಡಿ ಕಡೆ ತಲೆ ಎತ್ತಿಯೂ ನೋಡಲ್ಲ ಕಣಕ್ಕಾ" ಎಂದು ಹೇಳಿ ಹೇಳಿ ಬೀದಿಯ ಹೆಂಗಸರ ಕಿವಿ ತೂತು ಮಾಡಿದಳು.

ಒಂದೇ ಒಂದು ದಿನ ಅವಳು ಹೆದರಿದ್ದಳು. ಗಡ್ಡ ಕೆರೆಯುವಾಗ ಗಂಡನ ಗಲ್ಲಕ್ಕೆ ಬ್ಲೇಡು ತಗುಲಿತು. ಇಷ್ಟೇ ಇಷ್ಟು ಗೀರು. ರಕ್ತ ಮಾತ್ರ ನಿಲ್ಲಲೊಲ್ಲದು. ಟವಲ್ಲು ಒತ್ತಿ ಹಿಡಿದು ಕಾಫಿ ಕುಡಿದ, ತಿಂಡಿ ತಿಂದ, ಇನ್ನೂ ಜಿನುಗುತ್ತಲೇ ಇತ್ತು. ಈ ಮಾತ್ರೆ ನುಂಗುವವರಿಗೆ ಹಾಗೇ ಆಗುವುದು, ಪೆಟ್ಟು ಮಾಡಿಕೊಳ್ಳದೆ ಇರಬೇಕು ಎಂದು ಕೃತ್ತಿಕಾ ಫೋನಿನಲ್ಲಿ ಹೇಳಿದಳು. ಪಾಪಾತಿ ಅಂದಿನಿಂದ ಗಂಡನನ್ನು ಕ್ಷೌರದ ಅಂಗಡಿಗೇ ಕಳಿಸಿದಳು.

ನವರಾತ್ರಿ ಬರುವ ಪುರಟ್ಟಾಸಿ ತಿಂಗಳು ಹುಟ್ಟಿತು. ಒಂದು ಮಂಗಳವಾರ ತಿರುಮಲೈಸಾಮಿ ಕನ್ನಡಕ ಮರೆತು ಬಸ್ಸು ಹತ್ತಿದ್ದ. ಪಾಪಾತಿ ಅದನ್ನು ಹಿಡಿದುಕೊಂಡು ಅದರ ಹಿಂದೆ ಬಂದ ಬಸ್ಸಿಗೆ ಆಸ್ಪತ್ರೆಗೆ ಹೋದಳು. ಹಿತ್ತಲಿನ ಬಯಲಿಗೆ ಕಾಲಿಟ್ಟವಳು ಹಾಗೇ ನಿಂತಳು.

ಎಲ್ಲರೂ ಹಿಂದು ಹಿಂದಕ್ಕೆ ನಡೆಯುತ್ತಿದ್ದರು! ಮುಂದೆ, ಅಂದರೆ ಹಿಂದೆ, ಅವಳ ಗಂಡ. ಬೆನ್ನು ನೆಟ್ಟಗೆ, ಎದೆ ಮುಂದೆ, ಒಂದೊಂದೇ ಹೆಜ್ಜೆ ಹಿಂದಕ್ಕೆ. ಅವನನ್ನು ನೋಡಿಕೊಂಡು ಬಾಳೆ ಬೆಳೆಯುವ ಕರುಪ್ಪಸಾಮಿ. ಕರುಪ್ಪಸಾಮಿಯ ಕಾಲು ತುಳಿದುಕೊಂಡು ಮಿಲ್ಲಿನಲ್ಲಿ ದುಡಿದು ನಿವೃತ್ತಳಾದ ರಾಮಾಯಿ. "ಕೋತಿ ತಾನು ಕೆಡೋದಲ್ಲದೆ ವನವನ್ನೆಲ್ಲ ಕೆಡಿಸ್ತಂತೆ" ಎಂದು ಪಾಪಾತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಕೃತ್ತಿಕಾ ಓಡಿಬಂದಳು. "ಬಂದ್ರಾ ಅಮ್ಮಾ! ನೋಡಿ, ನಿಮ್ಮವರಿಂದ ಎಲ್ಲರೂ ಕಲಿತರು. ಮೊದಲ ದಿನ ಒಬ್ಬೊಬ್ಬರನ್ನೂ ಕೇಳಿದ್ದೆ, ನಿಮ್ಮ ಗುರಿ ಏನು ಅಂತ. ಒಬ್ಬರು ಪಳನಿ ಬೆಟ್ಟ ಹತ್ತಬೇಕು ಅಂದ್ರು, ಒಬ್ಬರು ಮೊಮ್ಮಗನ್ನ ಎತ್ತಿಕೋಬೇಕು ಅಂದ್ರು. ಅಯ್ಯಾ ಏನಂದ್ರು ಗೊತ್ತಾ? ನವರಾತ್ರಿ ಮುಗಿಯೋ ದಿನ ಹೊಳೆಯಿಂದ ಗುಡಿ ತನಕ ದೇವಿಯಮ್ಮನ ಮುಖ ನೋಡ್ಕೊಂಡು ಹಿಂದಕ್ಕೆ ನಡೀಬೇಕು ಅಂದ್ರು. ಎಷ್ಟು ಚಂದದ ಗುರಿ! ಡಾಕ್ಟರನ್ನೂ ಕೇಳಿದೆ, ನಿಧಾನವಾಗಿ ಕಲಿಸು ಅಂದ್ರು."

ಪಾಪಾತಿಯ ನಗು ನಿಂತಿತು. ಅವರ ಬೀದಿಯಲ್ಲಿ ಗಂಡಸು ಹಿಂದಕ್ಕೆ ನಡೆಯುವುದು ವರ್ಷಕ್ಕೆ ಒಂದೇ ದಿನ.

"ಅಮ್ಮಿಣಿ," ಎಂದು ಕೃತ್ತಿಕಾಳನ್ನು ಮೆಲ್ಲಗೆ ಕರೆದಳು, "ಹಿಂದಕ್ಕೆ ನಡೆಯೋವಾಗ ಕೈಯಲ್ಲಿ ಏನಿರ್ತದೆ ಅಂತ ಹೇಳಿದ್ರಾ?"

"ಕೈಯಲ್ಲಾ? ಇಲ್ಲವಲ್ಲ. ಏನಿರುತ್ತೆ?"

"ಕತ್ತಿ."

ಪಾಪಾತಿ ವಿವರಿಸಿ ಹೇಳಿದಳು. ದೇವಾಂಗರ ಚೌಡೇಶ್ವರಿ ಅಮ್ಮ ಸುಮ್ಮನೆ ಕರೆದರೆ ಬರುವವಳಲ್ಲ. ವಿಜಯದಶಮಿಯ ದಿನ ಹೊಳೆಯಿಂದ ಕಳಸದಲ್ಲಿ ಅವಳನ್ನು ಕರೆತರುವಾಗ ಮನೆಗೊಬ್ಬ ಗಂಡಸು ಅಲಗು ಹಿಡಿದು, ಅವಳಿಗೆ ಬೆನ್ನು ತೋರದೆ ಹಿಂದಕ್ಕೆ ಹೆಜ್ಜೆ ಹಾಕುತ್ತ, ಎದೆಗೂ ತೋಳಿಗೂ ಹೊಡೆದುಕೊಂಡು, "ವೇಸ್ಕೋ ತೀಸ್ಕೋ ತಾಯೇ", ಹಾಕ್ಕೋ ತಗೋ ತಾಯೇ, ಎಂದು ಕೂಗಿ ಕರೆಯಬೇಕು. ಗಾಯಕ್ಕೆ ಅರಿಶಿನದ ಬಂಡಾರ ಬಿಟ್ಟರೆ ಬೇರೆ ಮದ್ದಿಲ್ಲ. ಮೀಸೆ ಬಂದ ವರ್ಷದಿಂದ ತಿರುಮಲೈಸಾಮಿ ಒಂದು ವರ್ಷವೂ ತಪ್ಪಿಸಿದವನಲ್ಲ.

ಕೃತ್ತಿಕಾಳ ಮುಖ ಬಿಳಿಚಿಕೊಂಡಿತು. ಕತ್ತು ತಿರುಗಿಸಿ ನೋಡಿದರೆ ತಿರುಮಲೈಸಾಮಿ ನಡಿಗೆ ನಿಲ್ಲಿಸಿ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಒರೆಸಿಕೊಳ್ಳುತ್ತ ನಿಂತಿದ್ದ.

"ಅಯ್ಯಾ, ಹಿಂದಕ್ಕೆ ನಡೀರಿ, ಕೂಗಿ, ನಾನು ಬೇಡ ಅನ್ನಲ್ಲ. ಆದರೆ ಮೈಗೆ ಒಂದು ಗೀರೂ ಆಗಬಾರದು. ನಿಮ್ಮ ರಕ್ತ ನಿಲ್ಲಲ್ಲ!"

"ಅಮ್ಮನ ಮುಂದೆ ಬಿದ್ದ ರಕ್ತ ತಾನಾಗೇ ನಿಲ್ತದೆ, ಕಂದಾ. ಬಂಡಾರ ಇಟ್ಟರೆ ಆಯ್ತು."

"ಓಹೋ," ಎಂದಳು ಪಾಪಾತಿ. "ಗಡ್ಡ ಕೆರೆದ ದಿನ ಅಮ್ಮ ಎಲ್ಲಿಗೆ ಹೋಗಿದ್ಲು? ನೆಂಟರ ಮನೆಗಾ?"

"ಹಂಗಾದ್ರೆ ನಾಲ್ಕು ದಿನ ಮಾತ್ರೆ ಬಿಡ್ತೀನಿ."

"ಅದಂತೂ ಕೂಡದು!" ಕೃತ್ತಿಕಾ ಈ ಸಲ ನಗಲಿಲ್ಲ. "ಡಾಕ್ಟರು ಹೇಳದೆ ನೀವಾಗಿ ಮಾತ್ರೆ ಬಿಟ್ಟರೆ ಹೆಪ್ಪುಗಟ್ಟಿ ತಲೆಗೆ ಹೋಗಬಹುದು. ಆಮೇಲೆ ಕತ್ತಿಯಲ್ಲ, ತುತ್ತು ಎತ್ತೋಕೂ ಕೈ ಬರಲ್ಲ, ಅಯ್ಯಾ."

ಬಸ್ಸಿನಲ್ಲಿ ಪಾಪಾತಿ ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ಅವನು ಹಿಂದೆ. ಇಳಿದ ಮೇಲೆಯೂ ಅಷ್ಟೇ ದೂರದಲ್ಲಿ ನಡೆದರು. ಆ ದಿನ ಮಾತಾಡಿಕೊಂಡು ನಡೆಯುವ ವ್ಯಾಯಾಮ ಆಗಲಿಲ್ಲ.

ಗಂಡ ಯಾಕೆ ಹಟ ಹಿಡಿದಿದ್ದಾನೆಂದು ಪಾಪಾತಿಗೆ ಗೊತ್ತಿತ್ತು, ಅದೇ ಅವಳ ಸಂಕಟ. ಭಕ್ತಿ ಇದ್ದದ್ದೇ. ಭಕ್ತಿಗಿಂತ ದೊಡ್ಡದಾಗಿ ಎದುರು ಮನೆಯ ಪೆರಿಯಸಾಮಿ ಇದ್ದ. ಹಿಂದೊಂದು ವರ್ಷ ಸಕ್ಕರೆ ಕಾಯಿಲೆ ಬಂದು ಪೆರಿಯಸಾಮಿ ಅಲಗು ಕೆಳಗಿಟ್ಟಾಗ, ಬೀದಿಯ ನಡುವೆ ನಿಂತು, "ಬಳೆ ತೊಟ್ಕೊಂಡು ಬಾ ಮಾಮಾ, ಹೆಂಗಸರ ಜೊತೆ ಬಂಡಾರ ತಟ್ಟೆ ಹಿಡಿ" ಎಂದು ಕೂಗಿದವನು ಯಾರು? ಇದೇ ತಿರುಮಲೈಸಾಮಿ. ಪೆರಿಯಸಾಮಿ ಅಂದಿನಿಂದ ದಶಮಿಯ ದಿನ ಬಾಗಿಲು ತೆರೆಯುವುದಿಲ್ಲ. ಆಡಿದ ಮಾತು ಈಗ ಆಡಿದವನ ಬಾಗಿಲಲ್ಲೇ ಕಾಲು ಚಾಚಿ ಕೂತಿತ್ತು. ಈ ಗಂಡಸರಿಗೆ ರಕ್ತ ಹೋದರೆ ಪರವಾಗಿಲ್ಲ, ಮಾನ ಹೋಗಬಾರದು! ಹಾಳಾದ ಮಾನವೇ, ನಿನಗೆ ಬೆಂಕಿ ಬೀಳ!

ಪಟ್ಟಣದ ಗಣಪತಿ ಬಡಾವಣೆಯ ಪಂಪು ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ಮಗ ದೀನದಯಾಳನ್ ಹಬ್ಬಕ್ಕೆ ಬಂದ. ಕತೆ ಕೇಳಿ, "ಅಪ್ಪಾ, ಈ ವರ್ಷದಿಂದ ನಾನು ಹಿಡೀತೀನಿ" ಎಂದ.

"ನೀನಾ? ಸೂಜಿ ನೋಡಿದ್ರೆ ತಲೆ ಸುತ್ತಿ ಬೀಳೋವನು?"

"ಬಿದ್ರೆ ಅಮ್ಮನ ಮುಂದೆ ತಾನೇ ಬೀಳೋದು? ನೀವು ಬಿದ್ರೆ ಆಸ್ಪತ್ರೆ ಮುಂದೆ."

ಮಾತಿಗೆ ಮಾತು ಬೆಳೆಯಿತು. ಕೊನೆಗೆ ತಿರುಮಲೈಸಾಮಿ ಗೋಡೆ ನೋಡಿಕೊಂಡು ಹೇಳಿದ: "ನಾನೂ ಬೇಡ, ನೀವೂ ಬೇಡ. ಅಮ್ಮನ್ನೇ ಹೂ ಕೇಳೋಣ. ಅವಳು ಹೇಳಿದಂಗೆ."

ಹೂ ಕೇಳುವುದಕ್ಕೆ ಆ ಬೀದಿಯಲ್ಲಿ ಒಂದು ಕ್ರಮವಿದೆ. ಎಲೆಯಲ್ಲಿ ಸುತ್ತಿದ ಎರಡು ಪೊಟ್ಟಣ. ಕೇಳುವವನು ತನ್ನ ಕೈಯಾರೆ ಕೆಂಪು ಕಣಗಿಲೆ ಕಟ್ಟುತ್ತಾನೆ, ಅದು ಬಂದರೆ ಸರಿ ಎಂದು ಅರ್ಥ. ಬೇಡ ಅನ್ನುವವರು ಬಿಳಿ ನಂದಿಬಟ್ಟಲು ಕಟ್ಟುತ್ತಾರೆ. ಒಬ್ಬರದನ್ನು ಒಬ್ಬರು ನೋಡುವಂತಿಲ್ಲ. ರಾತ್ರಿಯೆಲ್ಲ ದೇವರ ಗೂಡಿನಲ್ಲಿಟ್ಟು ಬೆಳಿಗ್ಗೆ ಗುಡಿಯಲ್ಲಿ ಎತ್ತಿಸಬೇಕು. ಎತ್ತದೆ ಉಳಿದದ್ದನ್ನು ಬಿಚ್ಚದೆ ಇಟ್ಟು, ಹಬ್ಬ ಮುಗಿದ ಮೇಲೆ ಹೊಳೆಗೆ ಬಿಡಬೇಕು.

ದಶಮಿಯ ಬೆಳಿಗ್ಗೆ ಪಾಪಾತಿ ಎಲ್ಲರಿಗಿಂತ ಮೊದಲು ಎದ್ದು ಸ್ನಾನ ಮಾಡಿ ದೇವರ ಗೂಡಿನ ಮುಂದೆ ನಿಂತಳು. ಎರಡು ಪೊಟ್ಟಣ. ಒಂದು ತನ್ನದು, ಒಂದು ಗಂಡನದು. ಅವನದನ್ನು ಬಿಚ್ಚಿ, ಕೆಂಪು ತೆಗೆದು ಬಿಳಿ ಇಟ್ಟರೆ? ಯಾವುದು ಬಂದರೂ ಬಿಳಿಯೇ. ಗಂಡ ಉಳಿಯುತ್ತಾನೆ. ಕೈ ಮುಂದೆ ಹೋಯಿತು. ದಾರದ ಮೇಲೆ ಬೆರಳಿಟ್ಟಳು. ಆ ಗಂಟು ನೋಡಿ ಬೆರಳು ನಿಂತಿತು. ರೇಷ್ಮೆ ಎಳೆ ಕಡಿದಾಗ ತಿರುಮಲೈಸಾಮಿ ಹಾಕುವ ಗಂಟು ಅದು, ಎಳ್ಳಿನಷ್ಟು ಸಣ್ಣದು. ಬೀದಿಯಲ್ಲಿ ಇನ್ನೊಬ್ಬರಿಗೆ ಹಾಗೆ ಹಾಕಲು ಬಾರದು. ಬಿಚ್ಚಿದರೆ ತಿರುಗಿ ಕಟ್ಟುವಂತಿಲ್ಲ.

"ಏನಮ್ಮಾ, ನನ್ನ ಕಳ್ಳಿ ಮಾಡ್ತೀಯಾ?" ಎಂದು ಅಮ್ಮನ ಪಟಕ್ಕೆ ಹೇಳಿದಳು. ಕಣ್ಣಲ್ಲಿ ನೀರು ಬಂತು. "ಸರಿ, ನಾನು ಮುಟ್ಟಲ್ಲ. ಆದ್ರೆ ಕೇಳಿಸ್ಕೋ. ಕೆಂಪು ಬಂದ್ರೆ ನಾನು ಹೊಸಲಿಗೆ ಅಡ್ಡ ಮಲಗ್ತೀನಿ. ಆಮೇಲೆ ನನ್ನ ದಾಟ್ಕೊಂಡು ನಿನ್ನ ಕರೆಯೋಕೆ ಬಂದ್ರೆ, ನೀನೇ ಅವ್ರ ಮೊಕ ನೋಡ್ಬೇಡ."

ಗುಡಿಯಲ್ಲಿ ಪೊಟ್ಟಣ ಎತ್ತಲು ಬೀದಿಗೆ ಹಿರಿಯಳಾದ ಲಕ್ಷ್ಮಿಯಮ್ಮಾಳ್ ಬಂದಳು. ಅಜ್ಜಿಗೆ ಎರಡು ಕಣ್ಣೂ ಮಂಜು. ತಟ್ಟೆಯಲ್ಲಿ ತಡಕಾಡಿ ಒಂದನ್ನು ಎತ್ತಿದಳು, ಇಟ್ಟಳು, ಇನ್ನೊಂದನ್ನು ಎತ್ತಿದಳು, ಅದನ್ನೂ ಇಟ್ಟಳು. "ಯಾವುದಾದ್ರೂ ಒಂದು ಎತ್ತು ಅಜ್ಜಿ, ಜೀವ ಹೋಗ್ತೈತೆ!" ಎಂದು ಪಾಪಾತಿ ಬಾಯಿ ಬಿಟ್ಟೇ ಕೂಗಿದಳು. ಅಜ್ಜಿ ಎತ್ತಿಕೊಟ್ಟಳು. ಪೂಜಾರಿ ಬಿಚ್ಚಿದ.

ಬಿಳಿ.

ಪಾಪಾತಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಲ್ಲೇ ಅಡ್ಡಬಿದ್ದಳು. ಎದ್ದು ನೋಡಿದರೆ ತಿರುಮಲೈಸಾಮಿ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದ. ಸುತ್ತ ನೆರೆದಿದ್ದ ಬೀದಿಯವರ ಕಡೆ ತಿರುಗಿ, "ಅಮ್ಮನೇ ಬೇಡ ಅಂದ ಮೇಲೆ ಮುಗೀತು" ಎಂದ. ಅಲಗನ್ನು ಮಗನ ಕೈಗೆ ಕೊಟ್ಟ. ಬೀದಿಯಲ್ಲಿ ಯಾರೂ ನಗಲಿಲ್ಲ. ಅಮ್ಮನ ಮಾತಿಗೆ ಎದುರು ಮಾತಾಡುವವರು ಯಾರು?

ಆಮೇಲೆ ಅವನು ಮಾಡಿದ್ದನ್ನು ಪಾಪಾತಿ ಸಾಯುವವರೆಗೂ ಮರೆಯಲಾರಳು. ನೇರ ಪೆರಿಯಸಾಮಿಯ ಮನೆಗೆ ಹೋಗಿ ಮುಚ್ಚಿದ ಬಾಗಿಲು ತಟ್ಟಿದ.

"ಮಾಮಾ, ಬಳೆ ತರಲಿಲ್ಲ. ಬಂಡಾರದ ತಟ್ಟೆ ತಂದಿದೀನಿ. ದೊಡ್ಡದು, ಒಬ್ಬನ ಕೈಲಿ ಹಿಡಿಯೋಕಾಗಲ್ಲ. ಬರ್ತೀರಾ?"

ಒಳಗಿನಿಂದ ಅಗುಳಿ ತೆಗೆದ ಸದ್ದು. "ನಿನ್ನ ಬಾಯಿಗೆ ಮೊದಲು ಹಾಕ್ಬೇಕು ಕಣೋ ಆ ಬಂಡಾರನ" ಎಂದು ಬೈದುಕೊಂಡೇ ಪೆರಿಯಸಾಮಿ ಹೊರಗೆ ಬಂದ.

ಹೊಳೆಯಿಂದ ಕಳಸ ಹೊರಟಿತು. ಉರುಮಿ ವಾದ್ಯ ಬಡಿಯಿತು. ಇಬ್ಬರು ಮುದುಕರೂ ತಟ್ಟೆ ಹಿಡಿದುಕೊಂಡು ಅಮ್ಮನಿಗೆ ಬೆನ್ನು ತೋರದೆ ಹಿಂದು ಹಿಂದಕ್ಕೆ ನಡೆದರು, ಅಲಗು ತಗುಲಿದವರಿಗೆ ಅರಿಶಿನ ಹಚ್ಚುತ್ತ. ದಾರಿಯ ಅಂಚಿನಲ್ಲಿ ಕೃತ್ತಿಕಾ, ಕರುಪ್ಪಸಾಮಿ, ರಾಮಾಯಿ ಬಂದು ನಿಂತಿದ್ದರು. ತಮ್ಮ ಕ್ಲಾಸಿನವನು ಎಡವುತ್ತಾನೋ ಎಂದು ಮೂವರೂ ಕಣ್ಣು ಕೀಲಿಸಿ ನೋಡಿದರು. ಎಡವಲಿಲ್ಲ.

"ಅಯ್ಯಾ, ಮಾತಾಡೋಕೆ ಆಗ್ತಿದೆಯಾ?" ಎಂದು ಕೃತ್ತಿಕಾ ಕೂಗಿದಳು.

"ವೇಸ್ಕೋ ತೀಸ್ಕೋ ತಾಯೇ!" ಎಂದು ತಿರುಮಲೈಸಾಮಿ ಬೀದಿ ನಡುಗುವಂತೆ ಕೂಗಿದ.

ದೀನದಯಾಳನ್ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಅಲಗನ್ನು ಎದೆಗೆ ತಾಗಿಸಿದ. ಬೆಕ್ಕು ಪರಚಿದಷ್ಟು ಗೀರು ಬಿತ್ತು. ಅವನು ಕೂಗಿದ ಕೂಗಿಗೆ ಅಮ್ಮ ಹೆದರಿಯೇ ಗುಡಿಯೊಳಗೆ ಬಂದಿರಬೇಕು ಎಂದು ಬೀದಿಯವರು ಇವತ್ತಿಗೂ ನಗುತ್ತಾರೆ. ಬಿದ್ದನೇ ಎಂದರೆ, ಇಲ್ಲ, ಬೀಳಲಿಲ್ಲ. ಅಪ್ಪನೇ ಓಡಿಹೋಗಿ ಒಂದು ಹಿಡಿ ಬಂಡಾರ ಮೆತ್ತಿದ.

ಮಾರನೆಯ ದಿನ ಬಿಸಿಲೇರಿದ ಮೇಲೆ ಗಂಡ ಹೆಂಡತಿ ಹೊಳೆಯ ದಾರಿಗೆ ನಡಿಗೆಗೆ ಹೊರಟರು. ಉಳಿದ ಪೊಟ್ಟಣ ಪಾಪಾತಿಯ ಸೆರಗಿನ ಗಂಟಿನಲ್ಲಿತ್ತು. ನೀರಿನ ಹತ್ತಿರ ಕೂತು ಅವಳು ಅದರ ದಾರ ಬಿಚ್ಚತೊಡಗಿದಳು.

"ಏಯ್, ಬಿಚ್ಚಬೇಡ. ಹಂಗೇ ಬಿಟ್ಬಿಡು ನೀರಿಗೆ" ಎಂದ ತಿರುಮಲೈಸಾಮಿ, ಅವಸರವಾಗಿ.

"ಹಬ್ಬ ಮುಗೀತಲ್ಲ, ಇನ್ನೇನು? ನೂಲನ್ನ ನೀರಿಗೆ ಬಿಡೋದಾ? ಲೋಕಕ್ಕೆ ನೂಲು ತಂದ ದೇವಲ ಮಹರ್ಷಿ ಮಕ್ಕಳು ನಾವು! ನಮ್ಮ ಅತ್ತೆ ಇಷ್ಟುದ್ದ ನೂಲನ್ನೂ ಬಿಸಾಕ್ತಿರಲಿಲ್ಲ."

"ಹೋಗ್ಲಿ ಬಿಡೇ, ಒಂದೆಳೆ ನೂಲು..."

ಅವಳು ಕೇಳಲಿಲ್ಲ. ಎಳ್ಳಿನಷ್ಟು ಸಣ್ಣ ಗಂಟು; ಉಗುರಿನಿಂದ ಬಿಡಿಸಲಾಗದೆ ಹಲ್ಲಿನಲ್ಲಿ ಕಚ್ಚಿ ಎಳೆದಳು. ದಾರ ಬಂತು. ಎಲೆ ಬಿಚ್ಚಿಕೊಂಡಿತು.

ಒಳಗೆ ಬಾಡಿದ ನಂದಿಬಟ್ಟಲು. ಬಿಳಿ.

ಪಾಪಾತಿ ಹೂವು ನೋಡಿದಳು, ಕೈಯಲ್ಲಿದ್ದ ದಾರ ನೋಡಿದಳು. ತಾನು ಕಟ್ಟಿದ್ದು ನಿನ್ನೆ ಗುಡಿಯಲ್ಲೇ ಬಿಚ್ಚಿ ಆಗಿತ್ತು. ಇದು ಅವನು ಕಟ್ಟಿದ್ದು, ಅವನ ಗಂಟು. ಅವಳು ಮುಖ ಎತ್ತಿ ಗಂಡನನ್ನು ನೋಡಿದಳು. ತಿರುಮಲೈಸಾಮಿ ಹೊಳೆಯ ಆಚೆ ದಡದ ಬಾಳೆ ತೋಟವನ್ನು, ಅದು ತನ್ನದೇ ತೋಟವೇನೋ ಎಂಬಂತೆ ನೋಡುತ್ತಿದ್ದ.

"ಏನುಂಗ... ನೀವು ಕೆಂಪು ಕಟ್ಟಬೇಕಿತ್ತಲ್ಲಾ?"

"ಕಟ್ಟೋಕೆ ಅಂತಾನೇ ಕೂತೆ," ಎಂದ ಅವನು, ತೋಟದಿಂದ ಕಣ್ಣು ಕೀಳದೆ. "ನೀನು ಆಕಡೆ ಮೂಲೆಯಲ್ಲಿ ನಿನ್ನ ಪೊಟ್ಟಣ ಕಟ್ತಾ ಅಳ್ತಿದ್ದೆ. ಅಳೋದು ಕೇಳಿಸ್ತು. ಇಷ್ಟು ದಿನ ಉಪ್ಪಿಲ್ಲದ ರಸ ಕುಡಿದು ಉಳಿಸ್ಕೊಂಡ ಜೀವ, ಸುಮ್ಮನೆ ಯಾಕೆ ಕಳೀಬೇಕು ಅನಿಸ್ತು. ನಾನೇ ಬೇಡ ಅಂದ್ರೆ ಬೀದಿ ನಗ್ತಿತ್ತು. ಅಮ್ಮ ಅಂದ್ರೆ ನಗಲ್ಲ. ಅವಳಿಗೇನು, ದೊಡ್ಡೋಳು, ನನ್ನ ಒಂದು ಸುಳ್ಳು ಹೊತ್ಕೊಳ್ತಾಳೆ."

ಪಾಪಾತಿ ಹೂವನ್ನು ನೀರಿಗೆ ಬಿಟ್ಟಳು. ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಇಬ್ಬರೂ ಎದ್ದು ನಡೆಯತೊಡಗಿದರು. ಅವಳಿಗೆ ಬೈಯಬೇಕೆನಿಸಿತು, ನಗಬೇಕೆನಿಸಿತು, ಅವನ ಕೈ ಹಿಡಿಯಬೇಕೆನಿಸಿತು. ಯಾವುದಕ್ಕೂ ಬಾಯಿ ಬರಲಿಲ್ಲ. ತಿರುಮಲೈಸಾಮಿ ಓರೆಗಣ್ಣಲ್ಲಿ ನೋಡಿದ.

"ಏನೇ, ಮಾತು ನಿಂತೋಯ್ತು?" ಎಂದ. "ವೇಗ ಜಾಸ್ತಿ ಆಯ್ತು ಅಂತ ಅರ್ಥ. ಬಾ, ನಿಧಾನಕ್ಕೆ ಹೋಗೋಣ."

ಅವನು ಹೆಜ್ಜೆ ಚಿಕ್ಕದು ಮಾಡಿದ. ಅವಳೂ ಮಾಡಿದಳು.